ಕೊಲಂಬೊಕ್ಕೆ ಹೋದ ಉಡಿ

ಲೋಹಿತ ಕೈ ಮುಗಿದುಕೊಂಡೇ ಒಳಗೆ ಬಂದ. ಗದಗಿನ ಎಪಿಎಂಸಿ ಎದುರಿನ ಆ ಚಿಕ್ಕ ಕಚೇರಿಗೆ ರಫ್ತಿನ ಕಾಗದಪತ್ರ ಮಾಡಿಸಲು ಬರುವ ವ್ಯಾಪಾರಿಗಳು ಯಾರೂ ಕೈ ಮುಗಿಯುವುದಿಲ್ಲ. ಬಾಗಿಲಲ್ಲೇ ನಿಂತು ‘ಏನ್ರಿ, ನಮ್ಮ ಶಿಪ್ಪಿಂಗ್ ಬಿಲ್ ಆತೇನ್ರಿ’ ಎಂದು ಕೂಗುತ್ತಾರೆ. ಹೀಗೆ ಕೈ ಮುಗಿದು ಬರುವವನು ಒಂದೋ ಚುನಾವಣೆಗೆ ನಿಂತಿರಬೇಕು, ಇಲ್ಲವೇ ಮಾಡಬಾರದ್ದನ್ನು ಮಾಡಿರಬೇಕು. ಲೋಹಿತ ಚುನಾವಣೆಗೆ ನಿಂತಿರಲಿಲ್ಲ.

ತಬಸ್ಸುಮ್ ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಕಂಪ್ಯೂಟರಿನ ಕಡೆ ತಿರುಗಿದಳು. ಈ ಗಳಿಗೆಗಾಗಿ ಅವಳು ವರ್ಷಗಟ್ಟಲೆ ಹಲ್ಲು ಕಚ್ಚಿ ಕಾದಿದ್ದಳು. ಬಂದಿದ್ದನ್ನು ಗಡಿಬಿಡಿಯಲ್ಲಿ ಮುಗಿಸಿಬಿಡುವಷ್ಟು ದಡ್ಡಿ ಅವಳಲ್ಲ.

“ಕುಂಡ್ರಿ ಸಾವಕಾರ್ರ. ನೀರು ಬೇಕೇನ್ರಿ?”

“ಬ್ಯಾಡ್ರಿ ಮೇಡಮ್ಮಾರ. ಕೊಲಂಬೊಕ್ಕ ಒಂದು ಕಂಟೇನರ್ ಕಳಸೂದೈತಿ. ಬ್ಯಾಡಗಿ ಕಾಯಿ. ಕಾಗದೆಲ್ಲ ನೀವ ಮಾಡ್ಬೇಕು.”

ಮೇಡಮ್ಮಾರ! ಲಕ್ಷ್ಮೇಶ್ವರದ ಅವನ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ಅವಳು ‘ಏ ತಬಸ್ಸುಮ್’ ಆಗಿದ್ದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

“ನಾನಾ? ನಾ ಕಾಗದ ಕೆಡಿಸಾಕಿ ಅಲ್ಲೇನ್ರಿ? ಇಡೀ ಪ್ಯಾಟಿಗೆ ಗೊತ್ತೈತಿ.”

ಲೋಹಿತ ತನ್ನ ಚಪ್ಪಲಿ ನೋಡಿಕೊಂಡ. “ಹಳೇದು ಬಿಡ್ರಿ. ಕೊಲಂಬೊದ ಗಿರಾಕಿ ನಿಮ್ಮ ಕಚೇರಿಯಿಂದ ಕಾಗದ ಬಂದ್ರಷ್ಟ ಮಾಲು ಇಳಸ್ಕೋತೇನಿ ಅಂತಾನ.”

ಅಲ್ಲಿಗೆ ತಿಳಿಯಿತಲ್ಲ, ಕೈ ಮುಗಿದದ್ದು ಅವಳಿಗಲ್ಲ, ಕಚೇರಿಗೆಂದು. ಮಂಗಳೂರಿನ ದೊಡ್ಡ ಕಸ್ಟಮ್ಸ್ ಏಜೆಂಟರೊಬ್ಬರ ಗದಗಿನ ಕಚೇರಿ ಅದು. ಮುಂಡರಗಿಯ ಈರುಳ್ಳಿ ಇರಲಿ, ಶಿರಹಟ್ಟಿಯ ಶೇಂಗಾ ಇರಲಿ, ಸಮುದ್ರ ದಾಟುವ ಮಾಲಿನ ಕಾಗದವೆಲ್ಲ ಈಗ ತಬಸ್ಸುಮಳ ಮೇಜಿನ ಮೇಲೆ ಹಾದು ಹೋಗಬೇಕು. ಅಲ್ಲಿಯವರೆಗೆ ಬರಲು ಅವಳು ಪಟ್ಟ ಪಾಡು ಲೋಹಿತನಿಗೆ ಗೊತ್ತಿರಲಿಲ್ಲ. ಆ ಪಾಡಿಗೆ ಕಾರಣ ಯಾರೆಂಬುದು ಮಾತ್ರ ಚೆನ್ನಾಗಿ ಗೊತ್ತಿತ್ತು.

ಅಂದು ನಡೆದದ್ದು ಇಷ್ಟು. ನಮ್ಮ ಕಡೆ ಹೆಣ್ಣುಮಕ್ಕಳನ್ನು ಉಡಿ ತುಂಬದೆ ಮನೆಯಿಂದ ಕಳಿಸುವುದಿಲ್ಲ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣ ಕೊಂಬು, ಅಡಿಕೆ, ಎಲೆ, ಇಷ್ಟನ್ನು ಸೆರಗಿಗೆ ಹಾಕಿಯೇ ಬಸ್ಸು ಹತ್ತಿಸುವುದು. ಲೋಹಿತನ ತಾಯಿ ನೀಲಗಂಗವ್ವನ ಲೆಕ್ಕದಲ್ಲಿ ಸಮುದ್ರ ದಾಟಿ ಹೋಗುವ ಮಾಲೂ ಮನೆಮಗಳೇ. ಕಂಟೇನರು ತುಂಬಿ ಬಾಗಿಲ ಬಳಿಯ ಕೊನೆಯ ಚೀಲ ಬಂದಾಗ ಆಕೆ ಅದರ ಮುಂದೆ ಮಂಡಿಯೂರಿ ಕೂತು ಮೆಣಸಿನಕಾಯಿಯ ನಡುವೆ ಉಡಿ ಹಾಕುತ್ತಿದ್ದಳು. ಹಮಾಲರು ಟೊಪ್ಪಿಗೆ ತೆಗೆದು ನಿಲ್ಲುತ್ತಿದ್ದರು. ಆಮೇಲೆ ಚೀಲದ ಬಾಯಿ ಹೊಲಿದು ಏರಿಸುವುದು. ಅಲ್ಲೇ ನಿಂತು ಪ್ಯಾಕಿಂಗ್ ಲಿಸ್ಟು ಬರೆಯುತ್ತಿದ್ದ ತಬಸ್ಸುಮಳಿಗೂ ಅದನ್ನು ನೋಡುವುದೆಂದರೆ ಖುಷಿ. ಅಕ್ಕಿಯೆಂದರೆ ಧಾನ್ಯ, ಕಾಗದದಲ್ಲಿ ಕಾಣಿಸದ ಧಾನ್ಯ ಇನ್ನೊಂದು ದೇಶದಲ್ಲಿ ಅಪರಾಧ ಎಂದು ಅಲ್ಲಿದ್ದವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ದೇವರ ಹೆಸರಿನಲ್ಲಿ ಹಾಕಿದ್ದು ಸರಕಾರಕ್ಕೆ ಲೆಕ್ಕವಾದೀತೆಂದು ಯಾರು ತಿಳಿಯುತ್ತಾರೆ?

ಆ ಸಲ ಕೊಲಂಬೊದ ಅಧಿಕಾರಿಗಳು ಕಂಟೇನರಿನ ಬಾಗಿಲು ತೆಗೆದು ಕೈಗೆ ಸಿಕ್ಕ ಮೊದಲ ಚೀಲ ಕೊಯ್ದರು. ಬಾಗಿಲ ಬಳಿ ಇದ್ದದ್ದು ಅದೇ ಚೀಲ. ಒಳಗೆ ನುಸಿ ಹರಿದಾಡುವ ಅಕ್ಕಿ. ಕಾಗದದಲ್ಲಿ ಒಣಮೆಣಸಿನಕಾಯಿ ಬಿಟ್ಟು ಬೇರೇನೂ ಇಲ್ಲವೆಂದು ಬರೆದಿತ್ತು. ಇಡೀ ಮಾಲು ತಿರುಗಿ ಬಂತು. ತನ್ನದೇ ಮಾಲನ್ನು ತನ್ನದೇ ದೇಶದೊಳಗೆ ಮರಳಿ ತರಲು ಮತ್ತೊಂದು ಕಟ್ಟು ಅರ್ಜಿ, ಬಂದರಿನ ಬಾಡಿಗೆ, ಅಧಿಕಾರಿಗಳ ಮುಂದೆ ನಿಲ್ಲುವುದು. ಅಷ್ಟರಲ್ಲಿ ಕಾಯಿಯ ಬಣ್ಣವೇ ಹೋಯಿತು.

ನೀಲಗಂಗವ್ವನಿಗೆ ಆಗಷ್ಟೇ ಹುಬ್ಬಳ್ಳಿಯಲ್ಲಿ ಎದೆಯ ಆಪರೇಷನ್ ಆಗಿತ್ತು. ಲೋಹಿತ ತಬಸ್ಸುಮಳನ್ನು ಗೋದಾಮಿನೊಳಗೆ ಕರೆದುಕೊಂಡು ಹೋಗಿ ಅತ್ತೇಬಿಟ್ಟ. “ಉಡಿಯಿಂದ ಹಿಂಗಾತಂತ ಅವ್ವಗ ಗೊತ್ತಾದ್ರ ಎದಿ ಒಡಕೊಂಡು ಸಾಯ್ತಾಳ. ನಾಕು ದಿನ ನಿನ್ನ ಹೆಸರಿನ ಮ್ಯಾಲಿರ್ಲಿ. ಕಾಗದ ತಪ್ಪಾಗಿತ್ತು ಅನ್ನೂಣು. ಆಕಿ ಹುಷಾರಾದ ಮ್ಯಾಲ ಎಲ್ಲಾರ ಮುಂದ ನಾನ ಖರೆ ಹೇಳ್ತೇನಿ. ನೀ ಸುಮ್ಮನಿರು, ಅಷ್ಟ ಸಾಕು.”

ಅವಳು ಆಗಲಿ ಎಂದಳು. ನೀಲಗಂಗವ್ವನ ಕೈಯಿಂದ ಬಿಸಿ ರೊಟ್ಟಿ ತಿಂದವಳು, ಬೇರೆ ಏನೆಂದಾಳು?

ನೀಲಗಂಗವ್ವ ಹುಷಾರಾದಳು. ಖರೆ ಮಾತ್ರ ಹೊರಗೆ ಬರಲಿಲ್ಲ. ಕೋತಿ ತಾನು ಮೊಸರು ತಿಂದು ಮೇಕೆಯ ಮೂತಿಗೆ ಒರೆಸಿತಂತೆ. ಲೋಹಿತ ಒರೆಸಿದ್ದಲ್ಲದೆ ಮೇಕೆಯನ್ನು ಕೊಟ್ಟಿಗೆಯಿಂದ ಹೊರಗೂ ಹಾಕಿದ. ತಪ್ಪು ಮಾಡಿದವಳನ್ನು ಇಟ್ಟುಕೊಂಡರೆ ಜನ ನಂಬುವುದಿಲ್ಲವಲ್ಲ! ಪೇಟೆಯಲ್ಲಿ ಯಾರೋ ‘ಎದುರಾಳಿಗಳ ಕಡಿಂದ ರೊಕ್ಕ ತಿಂದು ಕೆಡಿಸ್ಯಾಳ’ ಎಂದು ಒಗ್ಗರಣೆ ಹಾಕಿದರು. ಲೋಹಿತ ಅದನ್ನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಊರಿನ ಯಾವ ಅಂಗಡಿಯವರೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ. ತಂದೆ ರಹಮಾನಸಾಬ ತಗಡಿನ ಅಚ್ಚು ಇಟ್ಟು ಚೀಲಗಳ ಮೇಲೆ ಅಂಗಡಿಯ ಮಾರ್ಕಾ ಹೊಡೆಯುವವನು. ‘ಮಗಳು ಕಾಗದ ಕೆಡಿಸ್ಯಾಳ, ಅಪ್ಪನ ಕೈಗುಣಾನೂ ಬ್ಯಾಡ’ ಎಂದು ಅವನ ಕುಂಚವನ್ನೂ ಬಿಡಿಸಿದರು. ಪೇಟೆಯ ದಾರಿಯೇ ಬೇಡವೆಂದು ಅವನು ಓಣಿಯ ಕಟ್ಟೆ ಹಿಡಿದು ಕೂತ.

ಅವಳು ತಂದೆಗೊಬ್ಬನಿಗೆ ಇದ್ದದ್ದು ಇದ್ದ ಹಾಗೆ ಹೇಳಿದ್ದಳು. ಅವನು ಕೇಳಿ, “ಹಂಗ ಅನಬ್ಯಾಡ ಬೇಟಿ. ನಿಮ್ಮ ಅಮ್ಮಿ ಸತ್ತಾಗ ಆ ಹಿರ್ಯಾಕಿ ಮನಿಯಿಂದ ನಮಗ ಬುತ್ತಿ ಬಂದೈತಿ. ಆಕಿ ಮ್ಯಾಲ ತಪ್ಪು ಹೊರಸಬಾರ್ದು” ಎಂದಿದ್ದ. ಎಂದರೆ, ಹೆತ್ತ ತಂದೆಯೂ ನಂಬಲಿಲ್ಲ. ಊರು ಅಂದದ್ದೆಲ್ಲ ಅವಳು ನುಂಗಿಕೊಂಡಿದ್ದಳು, ಇದೊಂದು ಗಂಟಲಿನಲ್ಲೇ ಉಳಿದಿತ್ತು.

ಈಗ ಆ ಲೋಹಿತ ಎದುರಿಗೆ ಕೂತು ದನಿ ತಗ್ಗಿಸಿದ.

“ಇನ್ನೊಂದು ಮಾತ್ರಿ. ಅವ್ವ ಈ ಸಲಾನೂ ಉಡಿ ತುಂಬತೇನಿ ಅಂತಾಳ. ತುಂಬ್ಲಿ. ಆಕಿ ಮನಿಗೆ ಹ್ವಾದ ಮ್ಯಾಲ ನಾನ ಆ ಚೀಲ ಬದಲಿ ಮಾಡ್ತೇನಿ. ನೀವು ಸುಮ್ಮನಿರ್ರಿ, ಅಷ್ಟ ಸಾಕು.”

ಅದೇ ಮಾತು. ‘ನೀ’ ಹೋಗಿ ‘ನೀವು’ ಬಂದದ್ದು ಬಿಟ್ಟರೆ ಒಂದಕ್ಷರವೂ ಬದಲಾಗಿರಲಿಲ್ಲ. ತಬಸ್ಸುಮಳ ಮೈ ಉರಿಯಿತು, ಆದರೂ ನಕ್ಕಳು.

“ಆತ್ರಿ. ಆದ್ರ ಲೋಡಿಂಗ್ ನನ್ನ ಮುಂದ, ಹಗಲಿನ್ಯಾಗ ಆಗ್ಬೇಕು. ಕಂಟೇನರಿನ ಬಾಗಲಿಗೆ ಹಾಕೂ ಸೀಲ್ ನಾನ ತರ್ತೇನಿ. ಅದರ ನಂಬರು ಕಾಗದಕ್ಕ ಏರಿಸದ ಬಂದರದ ಗೇಟಿನ್ಯಾಗ ನಿಮ್ಮ ಗಾಡಿ ಬಿಡೂದಿಲ್ಲ.”

ಇಷ್ಟು ಸುಲಭದಲ್ಲಿ ಮುಗಿಯಿತೆಂದು ಲೋಹಿತ ಮತ್ತೊಮ್ಮೆ ಕೈ ಮುಗಿದು ಹೋದ.

ಅವನನ್ನು ಹಾಳು ಮಾಡಲು ಅವಳಿಗೆ ಒಂದು ಬೆರಳು ಸಾಕಿತ್ತು. ಸರಕಿನ ಸಂಕೇತದಲ್ಲಿ ಒಂದು ಅಂಕಿ ಆಚೀಚೆ ಮಾಡಿದರೆ ಕಂಟೇನರು ಬಂದರಿನಲ್ಲಿ ಕೊಳೆಯುತ್ತಿತ್ತು. ಕೆಲವು ಸಲ ಬೆರಳು ಅಲ್ಲಿಯವರೆಗೆ ಹೋಯಿತು ಕೂಡ. ಆದರೆ ಕಾಗದ ಕೆಡಿಸಿದರೆ ಅವನ ಸುಳ್ಳು ಖರೆಯಾಗುತ್ತದಲ್ಲ! ಹಾಗಾಗಿ ಅವಳು ತನ್ನ ಜನ್ಮದಲ್ಲೇ ಮಾಡದಷ್ಟು ಚೊಕ್ಕ ಕಾಗದ ಮಾಡಿದಳು. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಬೆಳೆಗೆ ರೋಗವಿಲ್ಲವೆಂಬ ಸರ್ಟಿಫಿಕೇಟು, ಹುಳದ ಔಷಧ ಹಾಕುವವರ ಒಪ್ಪಿಗೆ, ಒಂದೊಂದನ್ನೂ ಕಣ್ಣಲ್ಲಿ ಕಣ್ಣಿಟ್ಟು ತಿದ್ದಿದಳು. ಸೇಡಿಗಾಗಿ ಇಷ್ಟು ಪ್ರಾಮಾಣಿಕವಾಗಿ ದುಡಿದವರು ಗದಗ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ.

ನೀಲಗಂಗವ್ವನನ್ನು ಏನು ಮಾಡುವುದೆಂಬುದು ಮಾತ್ರ ಬಗೆಹರಿದಿರಲಿಲ್ಲ. ಮುದುಕಿಗೆ ನೋವಾಗದಂತೆ, ಆಕೆ ಮನೆಗೆ ಹೋದ ಮೇಲೆ ಲೋಹಿತನನ್ನು ಪೇಟೆಯವರ ಮುಂದೆ ಹಿಡಿಯೋಣವೇ ಎಂದೂ ಅವಳು ಯೋಚಿಸಿದಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಆ ಐತವಾರ ನೀಲಗಂಗವ್ವ ತಾನಾಗಿಯೇ ತಬಸ್ಸುಮಳ ಮನೆಗೆ ಬಂದಳು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಿದ್ದಳು. ರಹಮಾನಸಾಬ ಕಟ್ಟೆಯಿಂದ ಎದ್ದು ಚಾಪೆ ಹಾಸಿದ.

“ನೀ ಮತ್ತ ನಮ್ಮ ಕೆಲಸಕ್ಕ ಬಂದೀ ಅಂತ ಲೋಹಿತ ಹೇಳಿದ. ಭಾಳ ಸಂತೋಷಾತು ತಂಗಿ,” ಎಂದು ಮುದುಕಿ ಅವಳ ಕೈ ಹಿಡಿದುಕೊಂಡಳು. “ತಪ್ಪು ಯಾರಿಂದ ಆಗೂದಿಲ್ಲ? ನಾ ಅವತ್ತ ನಿನ್ನ ಕ್ಷಮಾ ಮಾಡೇನಿ. ನನ್ನ ಮಗಗೂ ಹೇಳೇನಿ, ಪಾಪ, ಬಡವರ ಹುಡುಗಿ, ಹೊಟ್ಟಿಗಿಲ್ಲದ ಯಾರೋ ಕೊಟ್ಟದ್ದು ತಗೊಂಡಿರಬೇಕು, ದೊಡ್ಡದು ಮಾಡಬ್ಯಾಡಂತ.”

ತಬಸ್ಸುಮ್ ತಂದೆಯ ಕಡೆ ನೋಡಿದಳು.

“ನಿಮ್ಮ ಮನಸ್ಸು ದೊಡ್ಡದ್ರಿ ಅವ್ವಾರ,” ಎಂದು ರಹಮಾನಸಾಬ ಎರಡೂ ಕೈ ಜೋಡಿಸಿದ. ಅವನ ಕಣ್ಣಲ್ಲಿ ನೀರಿತ್ತು.

ಬೈಗುಳವನ್ನು ತಡೆದುಕೊಳ್ಳಬಹುದು, ಉಗುಳನ್ನೂ ಒರೆಸಿಕೊಳ್ಳಬಹುದು. ಮಾಡದ ತಪ್ಪಿಗೆ ಸಿಕ್ಕ ಕ್ಷಮೆಯನ್ನು, ಅದೂ ತಂದೆ ಕೈ ಜೋಡಿಸಿ ಪಡೆದ ಕ್ಷಮೆಯನ್ನು, ಯಾರು ತಾನೇ ಜೀರ್ಣಿಸಿಕೊಂಡಾರು? ಆಗಲೇ ಅಲ್ಲೇ ಚೀರಿ ಹೇಳಿಬಿಡಬಹುದಿತ್ತು. ಅವಳು ಹೇಳಲಿಲ್ಲ. ಮುದುಕಿಯ ಮೇಲಿದ್ದ ಕರುಣೆ ಆ ಚಾಪೆಯ ಮೇಲೆಯೇ ಸತ್ತಿತು.

“ಅವ್ವಾರ, ಲೋಡಿಂಗ್ ದಿನ ನೀವ ಬರ್ಬೇಕ್ರಿ. ಉಡಿ ತುಂಬಾಕ.”

“ಬರದ ಇರ್ತೇನೇನ, ನನ್ನವ್ವಾ!” ಎಂದು ನೀಲಗಂಗವ್ವ ಅವಳ ಗಲ್ಲ ಸವರಿ ಹೋದಳು.

ಲೋಡಿಂಗ್ ದಿನ ಲೋಹಿತನ ಗೋದಾಮಿನ ಮುಂದೆ ಮೆಣಸಿನಕಾಯಿಯ ಘಾಟಿಗೆ ಬಂದವರೆಲ್ಲ ಸೀನುತ್ತಿದ್ದರು. ಬಹಳ ದಿನಗಳ ಮೇಲೆ ಊರಿನಿಂದ ಪರದೇಶಕ್ಕೆ ಮಾಲು ಹೊರಟಿದೆಯೆಂದು ಪಕ್ಕದ ಅಂಗಡಿಗಳವರೂ ಸೇರಿದ್ದರು. ಅಡತಿ ವ್ಯಾಪಾರಿ ಅಝೀಮ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತಿದ್ದ. ರೊಕ್ಕ ತಿಂದ ಕತೆಗೆ ಮೊದಲು ಒಗ್ಗರಣೆ ಹಾಕಿದವನು ಅವನೇ. ಅಡರಕಟ್ಟಿಯಿಂದ ಕಾಯಿಯ ತೊಟ್ಟು ಮುರಿಯಲು ಬಂದಿದ್ದ ಹೆಂಗಸರು ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ನಿಂತಿದ್ದರು. ತಬಸ್ಸುಮ್ ಒಬ್ಬೊಬ್ಬರನ್ನೂ ನೋಡಿಕೊಂಡಳು. ಇನ್ನೂ ನಾಲ್ಕು ಜನ ಇದ್ದಿದ್ದರೂ ಬೇಡವೆನ್ನುತ್ತಿರಲಿಲ್ಲ.

ಕೊನೆಯ ಚೀಲ ಬಂತು. ನೀಲಗಂಗವ್ವ ಅದರ ಮುಂದೆ ಕೂತು, ಅರಿಷಿಣ ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ, ಕೊಂಬು ಹಾಕಿ ಕಣ್ಣು ಮುಚ್ಚಿದಳು. ಹಮಾಲರು ಟೊಪ್ಪಿಗೆ ತೆಗೆದರು. ಚೀಲದ ಬಾಯಿ ಹೊಲಿದು ಮೇಲೆ ಏರಿಸಿದರು.

“ಬಿಸಲು ಭಾಳೈತಿ, ನೀ ಮನಿಗೆ ನಡಿಯವಾ,” ಎಂದ ಲೋಹಿತ.

“ಇರ್ಲಿ ಬಿಡ್ರಿ. ಸೀಲ್ ಹೊಡಿಯೂದು ನೋಡಿ ಹೋಗ್ಲಿ,” ಎಂದು ತಬಸ್ಸುಮ್ ಒಂದು ಕಾಗದ ತೆಗೆದಳು. “ಸಾವಕಾರ್ರ, ಇದು ನಿಮ್ಮ ಘೋಷಣಾ. ಇಂಗ್ಲಿಷಿನ್ಯಾಗ ಐತಿ, ನಾ ಕನ್ನಡದಾಗ ಹೇಳ್ತೇನಿ. ‘ಈ ಕಂಟೇನರಿನ ಒಳಗ ಒಣಮೆಣಸಿನಕಾಯಿ ಬಿಟ್ರ ಬ್ಯಾರೆ ಏನೂ ಇಲ್ಲ, ಇದ್ರ ಅದಕ್ಕ ನಾನ ಹೊಣೆ.’ ಹೌದಲ್ರಿ? ಸಹಿ ಮಾಡ್ರಿ.”

ಲೋಹಿತ ಪೆನ್ನು ಹಿಡಿದ. ಕೈ ಮುಂದಕ್ಕೆ ಹೋಗಲಿಲ್ಲ.

“ಅಯ್ಯ, ಉಡಿ ಐತಲ್ಲ!” ಎಂದು ನೀಲಗಂಗವ್ವ ನಕ್ಕಳು. “ಅದನ್ನೂ ಬರಕೋ ತಂಗಿ.”

“ಬರೀಲೇನ್ರಿ ಸಾವಕಾರ್ರ?” ತಬಸ್ಸುಮ್ ಅವನ ಮುಖದಿಂದ ಕಣ್ಣು ಕೀಳಲಿಲ್ಲ. “ಹ್ವಾದ ಸಲ ಬರದಿರಲಿಲ್ಲ. ಬರೀದ ಇದ್ದದ್ದಕ್ಕ ಏನಾತು ಅಂತ ಅವ್ವಾರ್ಗೆ ಹೇಳ್ರಿ.”

“ಮೇಡಮ್ಮಾರ, ಒಳಗ ಬರ್ರಿ. ಮಾತಾಡೂಣು.”

“ಒಳಗ ಒಮ್ಮಿ ಬಂದಿದ್ದೆ. ಹೊರಗ ಹೇಳೂದು ಬಾಕಿ ಐತಿ.”

ಅಝೀಮ ಕುರ್ಚಿಯಿಂದ ಎದ್ದು ನಿಂತ. ಲಾರಿಯ ಡ್ರೈವರ್ ಹಾರ್ನ್ ಹೊಡೆದ. ಘಟ್ಟ ಇಳಿದು ಹಡಗಿನ ಹೊತ್ತಿಗೆ ಬಂದರು ಸೇರಬೇಕಿತ್ತು. ಸೀಲು ತಬಸ್ಸುಮಳ ಮುಷ್ಟಿಯಲ್ಲಿತ್ತು. ಲೋಹಿತ ಒಮ್ಮೆ ಸೀಲು ನೋಡಿದ, ಒಮ್ಮೆ ತಾಯಿಯ ಮುಖ ನೋಡಿದ. ಬೆವರು ಅವನ ಗದ್ದದಿಂದ ಇಳಿಯುತ್ತಿತ್ತು. ಆ ಬೆವರು ನೋಡಿ ತಬಸ್ಸುಮಳಿಗೆ ತಣ್ಣನೆಯ ನೀರು ಕುಡಿದಷ್ಟು ಸಮಾಧಾನವಾಯಿತು.

“ಮಾಲು ವಾಪಸ್ ಬಂದದ್ದು… ಉಡಿಯಿಂದ,” ಎಂದ ಗಂಟಲೊಳಗೇ.

“ನನಗ ಕೇಳ್ಲಿಲ್ರಿ. ಹಮಾಲ್ರಿಗೂ ಕೇಳ್ಬೇಕು.”

“ಉಡಿಯಿಂದ ವಾಪಸ್ ಬಂತು!” ಲೋಹಿತ ಕೂಗಿದ. “ಅಕ್ಕಿಯೊಳಗ ಹುಳ ಇದ್ವು. ಕಾಗದ ಬರೋಬ್ಬರಿ ಇತ್ತು. ಈಕಿದು ಏನೂ ತಪ್ಪಿದ್ದಿಲ್ಲ. ಈಕಿ ಯಾರ ರೊಕ್ಕಾನೂ ತಿಂದಿಲ್ಲ. ನಾ ಸುಳ್ಳು ಹೇಳಿದೆ. ಆತೇನು? ಸಾಕಾತೇನು?”

ಸೀನುವವರೂ ಸೀನುವುದನ್ನು ಬಿಟ್ಟರು. ನೀಲಗಂಗವ್ವನ ಮುಖದ ಮೇಲೆ ನಗು ಇನ್ನೂ ಇತ್ತು, ಇಳಿಸುವುದು ಹೇಗೆಂದು ಗೊತ್ತಾಗದವರ ನಗು. ಆಮೇಲೆ ಆಕೆ ಹಮಾಲರಿಗೆ ಚೀಲ ಇಳಿಸಲು ಹೇಳಿದಳು. ಹೊಲಿಗೆ ತಾನೇ ಬಿಚ್ಚಿದಳು, ಕಾಯಿಯೊಳಗೆ ಕೈ ತೂರಿಸಿ ಕೊಬ್ಬರಿ, ಕೊಂಬು, ಅಡಿಕೆ ಹೊರಗೆ ತೆಗೆದಳು. ಅಕ್ಕಿ ಕಾಳು ಬೆರಳಿಗೆ ಸಿಗದೆ ಒಳಗೆ ಒಳಗೆ ಜಾರುತ್ತಿತ್ತು. ಖಾರ ಹತ್ತಿದ ಕೈಯಲ್ಲಿಯೇ ಕಣ್ಣು ಒರೆಸಿಕೊಂಡಳು.

“ಐದಾರು ವರ್ಷ ನಾ ಈಕಿನ್ನ ಕ್ಷಮಾ ಮಾಡ್ಕೋತ ತಿರಗೇನಿ. ನೀ ನೋಡ್ಕೋತ ಇದ್ದಿ,” ಎಂದಳು ಮಗನಿಗೆ, ಅವನ ಕಡೆ ತಿರುಗದೆ. ಆಮೇಲೆ ತಬಸ್ಸುಮಳ ಹತ್ತಿರ ಬಂದಳು. “ಮೊನ್ನಿ ನಿಮ್ಮ ಮನಿಗೆ ಬಂದಾಗ ಯಾಕ ಹೇಳ್ಲಿಲ್ಲ ನೀ?”

“ಅಲ್ಲಿ ಹೇಳಿದ್ರ ನೀವೊಬ್ರ ಕೇಳ್ತಿದ್ರಿ.”

“ಅದಕ್ಕ ಇಲ್ಲಿಗೆ ಕರದಿ. ನನ್ನ ಕೈಲೇನ ತುಂಬಿಸಿ, ನನ್ನ ಕೈಲೇನ ತಗಸಿದಿ. ಅವಗ ಹೊಡಿಯಾಕ ನನ್ನ ಕೋಲು ಮಾಡ್ಕೊಂಡಿ.”

ಇಲ್ಲವೆನ್ನಬಹುದಿತ್ತು. ತಬಸ್ಸುಮಳಿಗೆ ಆ ದಿನ ಸುಳ್ಳು ಬೇಕಿರಲಿಲ್ಲ.

“ಹೌದ್ರಿ ಅವ್ವಾರ. ಅವ್ರು ನಿಮ್ಮನ್ನ ಬಿಟ್ರ ಬ್ಯಾರೆ ಯಾರಿಗೂ ಅಂಜೂದಿಲ್ಲ.”

ನೀಲಗಂಗವ್ವ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. “ಖರೆ,” ಎಂದಳು. ಉಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಿಸಿಲಿನಲ್ಲಿ ಒಬ್ಬಳೇ ನಡೆದಳು. ಲೋಹಿತ ‘ಅವ್ವಾ’ ಎಂದು ಹಿಂದೆ ಓಡಿದ. ಆಕೆ ತಿರುಗದೆಯೇ ಕೈ ಎತ್ತಿ ಅವನನ್ನು ನಿಲ್ಲಿಸಿದಳು. ಅವನು ನಡು ರಸ್ತೆಯಲ್ಲಿ ನಿಂತುಬಿಟ್ಟ.

ಉಡಿಯ ಚೀಲದ ಜಾಗಕ್ಕೆ ಬೇರೆ ಚೀಲ ಏರಿಸಿದರು. ಲೋಹಿತ ಬಂದು ಸಹಿ ಹಾಕಿದ. ತಬಸ್ಸುಮ್ ಬಾಗಿಲಿಗೆ ಸೀಲು ಹೊಡೆದಳು, ನಂಬರು ಏರಿಸಿದಳು, ಕಾಗದ ಡ್ರೈವರನ ಕೈಗೆ ಕೊಟ್ಟಳು. ಅಝೀಮ ಅವಳಿಗೆ ಕುರ್ಚಿ ಬಿಟ್ಟುಕೊಟ್ಟ. ಅವಳು ಕೂರಲಿಲ್ಲ.

ಸಂಜೆ ಮನೆಯಲ್ಲಿ ತಂದೆಗೆ ಎಲ್ಲ ಹೇಳಿದಳು. ರಹಮಾನಸಾಬ ಕೈಯಲ್ಲಿದ್ದ ಚಹಾ ಮರೆತು ಕೇಳಿದ.

“ಈಕಿದು ತಪ್ಪಿದ್ದಿಲ್ಲ ಅಂದ್ನಾ?”

“ಅಂದ್ರು ಅಬ್ಬಾ.”

“ಕೂಗಿ ಅಂದ್ನಾ? ಇನ್ನೊಮ್ಮಿ ಹೇಳು.”

ಅವಳು ಇನ್ನೊಮ್ಮೆ ಹೇಳಿದಳು. ಅಝೀಮ ಎಲ್ಲಿ ನಿಂತಿದ್ದ, ಹಮಾಲರು ಏನೆಂದರು, ಲೋಹಿತನ ಮುಖ ಹೇಗಾಗಿತ್ತು ಎಂದು ಅವನು ಕೆದಕಿ ಕೆದಕಿ ಕೇಳಿದ, ಕೇಳಿ ತೊಡೆ ತಟ್ಟಿಕೊಂಡು ನಕ್ಕ. ಆಮೇಲೆ ನಗು ನಿಲ್ಲಿಸಿ ಮಗಳ ತಲೆಯ ಮೇಲೆ ಕೈ ಇಟ್ಟ. “ನಾನೂ ನಂಬಲಿಲ್ಲಲ್ಲ ಬೇಟಿ,” ಎಂದ. ಅದೊಂದು ಮಾತಿಗಾಗಿ ಅವಳು ಇಷ್ಟೆಲ್ಲ ಮಾಡಿದ್ದಳು. ಅಳು ಬಂತು.

ರಹಮಾನಸಾಬ ಎದ್ದು ಪೆಟ್ಟಿಗೆಯಿಂದ ಬಿಳಿ ಅಂಗಿ ತೆಗೆದು ಹಾಕಿಕೊಂಡ. ಪೇಟೆಗೆ ಹೋಗಿ ಚಹಾದ ಅಂಗಡಿಯಲ್ಲಿ ಎಲ್ಲರ ನಡುವೆ ಕೂತು ಬರುತ್ತೇನೆಂದ. ಹೊಸ್ತಿಲು ದಾಟಿದವನು ನಿಂತ.

“ನೀಲಗಂಗವ್ವ? ಆಕಿ ಅಲ್ಲಿದ್ಲೇನು?”

ತಬಸ್ಸುಮ್ ಅವನು ಮರೆತ ಚಹಾದ ಲೋಟ ಎತ್ತಿಕೊಂಡಳು.

“ಇಲ್ಲ ಅಬ್ಬಾ. ಮನ್ಯಾಗಿದ್ರು. ಅವ್ರಿಗಿನ್ನೂ ಗೊತ್ತಿಲ್ಲ.”

“ಛಲೋ ಆತು,” ಎಂದ ರಹಮಾನಸಾಬ. “ಆ ಹಿರಿಜೀವಕ್ಕ ಯಾಕ ಬೇಕು? ನೀ ಭಾಳ ಶಾಣ್ಯಾ ಕೆಲಸ ಮಾಡಿದಿ.”

ಅವನನ್ನು ಕರೆದು ನಿಲ್ಲಿಸಬೇಕೆಂದು ಅವಳು ಬಾಗಿಲವರೆಗೆ ಬಂದಳು. ಕರೆದು ಏನು ಹೇಳುವುದು? ಬಿಳಿ ಅಂಗಿ ಆಗಲೇ ಓಣಿ ದಾಟಿ ಪೇಟೆಯ ರಸ್ತೆ ಹಿಡಿದಿತ್ತು, ಮತ್ತು ಪೇಟೆಯಲ್ಲಿ ಈ ಹೊತ್ತಿಗೆ ಎಲ್ಲರೂ ನೀಲಗಂಗವ್ವ ತನ್ನ ಕೈಯಾರೆ ಉಡಿ ಹೊರತೆಗೆದ ಮಾತನ್ನೇ ಆಡುತ್ತಿದ್ದರು.